ಹುಮನಾಬಾದಿಗೆ ಒಯ್ದ ಸೋಡಾ

ಯುದ್ಧ ನಡೆದಿದ್ದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ನಿಂತಿದ್ದವು. ಬೇಸಿಗೆಯ ಒಂದು ನಸುಕಿನಲ್ಲಿ ನಾವು ಎತ್ತಿನ ಗಾಡಿ ಹೂಡಿಕೊಂಡು ನಮ್ಮೂರು ಕಲ್ಯಾಣಿ ಬಿಟ್ಟೆವು. ಹುಮನಾಬಾದಿಗೆ ಆರು ಹರದಾರಿ ದಾರಿ. ಗಾಡಿಯ ಬಾಡಿಗೆ ಹಾಲಿ ಸಿಕ್ಕಾ ನಾಣ್ಯದಲ್ಲಿ ಎರಡು ರೂಪಾಯಿ. ಒಳಗೆ ಗೋಲಿ ಸೋಡಾದ ಪೆಟ್ಟಿಗೆಗಳು, ಮೇಲೆ ಹಸಿ ಗೋಣಿ. ಎತ್ತು ಹೊಡೆಯುತ್ತಿದ್ದವನು ನನ್ನ ಅಣ್ಣ ಶರಣಪ್ಪ. ಹೆಂಗಸರ ಪಂಕ್ತಿಗೆ ಸೋಡಾ ಒಡೆದು ಕೊಡಲು ನಾನು ಹೊರಟಿದ್ದೆ.

ಹುಮನಾಬಾದಿನ ಒಬ್ಬ ಅಡತಿ ದಲಾಲಿಯ ಸಾಹುಕಾರನ ಮನೆಯಲ್ಲಿ ಮದುವೆಯಿತ್ತು. ಆ ಊರಿನ ಸೋಡಾ ಯಂತ್ರ ಕೆಟ್ಟಿತ್ತೆಂದು ಅವನೇ ನಮ್ಮ ಸೋಡಾ ಅಂಗಡಿಗೆ ಹೇಳಲು ಬಂದು, ಒಂದು ಬಾಟಲಿ ಕುಡಿದು, ಯಂತ್ರದ ಗಾಲಿ ತಿರುಗಿಸುತ್ತಿದ್ದ ನನ್ನ ಕಡೆ ನೋಡಿ ನಕ್ಕಿದ್ದ. “ಹೆಣ್ಣಿನ ಕೈ ಸೋಡಾ ಏನು ಶರಣಪ್ಪ? ಅದಕ್ಕೇ ಸಪ್ಪಗದ.” ಅಣ್ಣನೂ ಹಿಂದೆಯೇ ನಕ್ಕ. ಆ ನಗೆ ನನ್ನ ಎದೆಯಲ್ಲಿ ಉರಿಯುತ್ತಲೇ ಇತ್ತು.

ಯಂತ್ರದಲ್ಲಿ ಗ್ಯಾಸಿನ ಒತ್ತಡ ತೋರಿಸುವ ಗಡಿಯಾರದಂಥ ಗಾಜಿನ ಮೇಲೆ ಅಣ್ಣ ಕೆಂಪು ಗೆರೆ ಎಳೆದಿದ್ದ. ಬೇಸಿಗೆಯಲ್ಲಿ ಸೂಜಿ ಅದನ್ನು ದಾಟಬಾರದು. “ಮುಂಜಾನಿ ಊದಿದ ಚೆಂಡಿನ ಬ್ಲಾಡರು ಮಧ್ಯಾಹ್ನ ಹ್ಯಾಂಗ ಉಬ್ಬತದ ನೋಡೀಯಲ್ಲ? ಬಿಸಲಿಗೆ ಗ್ಯಾಸು ಹಿಗ್ಗತದ. ರಬ್ಬರು ಜಾಗ ಕೊಡ್ತದ, ಗಾಜು ಕೊಡಲ್ಲ,” ಎಂದು ಹೇಳಿಕೊಟ್ಟಿದ್ದ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ನನಗೂ ಅದು ತಿಳಿದಿತ್ತು. ಆದರೂ ಹೊರಡುವ ಹಿಂದಿನ ಸಂಜೆ ಅಣ್ಣ ಗಾಡಿ ತರಲು ಹೋದಾಗ ನಾನು ಬಾಟಲಿ ತುಂಬುತ್ತ ಸೂಜಿಯನ್ನು ಗೆರೆ ದಾಟಿಸಿದೆ. ಆ ಸಾಹುಕಾರನ ಬಾಯಿ ಮುಚ್ಚಿಸಬೇಕಿತ್ತು.

ನಡುದಾರಿಯ ಊರು ರಾಜೇಶ್ವರ ಮುಟ್ಟುವಾಗ ಬಿಸಿಲು ಏರಿತ್ತು. ಬಾವಿಯ ಕಟ್ಟೆಯ ಮೇಲೆ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಗಾಡಿಯಲ್ಲಿ ಟಪ್ಪೆಂದು ಒಂದು ಬಾಟಲಿ ಒಡೆಯಿತು.

“ಗಾಜು ಕಚ್ಚಾ ಇತ್ತು ಕಾಣ್ತದ,” ಎಂದ ಅಣ್ಣ. “ಗೋಣಿಗೆ ಇನ್ನಷ್ಟು ನೀರು ಹೊಡಿ.”

ನೀರು ಹೊಡೆದೆ, ಗೆರೆ ದಾಟಿಸಿದ್ದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಅಲ್ಲಿಯೇ ಎಲ್ಲ ಗೋಲಿ ಒತ್ತಿ ಗ್ಯಾಸು ಬಿಟ್ಟುಬಿಡುತ್ತಿದ್ದ. ಸಾಹುಕಾರ ಮತ್ತೆ ನಗುತ್ತಿದ್ದ.

ಹುಮನಾಬಾದಿನಲ್ಲಿ ಸಾಹುಕಾರ ಗಾಡಿಯನ್ನು ಚಪ್ಪರದ ಹೊರಗೇ ನಿಲ್ಲಿಸಿದ. “ಪಾವ್ಣೇರು ಉಂಡು ಏಳಲಿ, ಆಮ್ಯಾಲ ಒಳಗ ತರ್ರಿ.”

“ಜರಾ ನೆರಳು ಕೊಡ್ರಿ ಸಾಹುಕಾರ್ರ. ಗೋಣಿಗೆ ಎರಡು ಕೊಡ ನೀರಾದ್ರೂ ಕೊಡಸ್ರಿ,” ಎಂದ ಅಣ್ಣ.

“ಕುಡಿಯಾಕ ನೀರಿಲ್ಲ, ಗೋಣಿಗೆ ಕೇಳಾಕತ್ತಾನ ನೋಡ್ರಿ,” ಎಂದು ಅವನು ಬೀಗರ ಮುಂದೆ ನಗೆಯಾಡಿದ. ಚಪ್ಪರದೊಳಗೆ ಆಳುಗಳು ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಇಂದಿಗೂ ಅದು ನೆನಪಾದರೆ ಹಲ್ಲು ಕಡಿಯುತ್ತೇನೆ. ಕಡಿದು ಏನು ಬಂತು? ಗ್ಯಾಸು ತುಂಬಿದವಳು ನಾನು.

ಗೋಣಿ ಒಣಗಿ ಗರಿಗರಿಯಾಯಿತು. ಕೊನೆಗೆ ಕರೆ ಬಂದಾಗ ಅಣ್ಣ ಬಗ್ಗಿ ಮೊದಲ ಪೆಟ್ಟಿಗೆ ಎತ್ತಿದ. ಬಾಟಲಿ ಅವನ ಮುಖಕ್ಕೇ ಸಿಡಿಯಿತು. ಎಡಗಣ್ಣು ಮುಚ್ಚಿಕೊಂಡು ಕೂತವನ ಬೆರಳುಗಳ ನಡುವೆ ರಕ್ತ ಇಳಿಯಿತು. ದವಾಖಾನೆಗೆ ಕರೆದೊಯ್ಯಲು ನಾನು ಅವನ ತೋಳು ಹಿಡಿದಿದ್ದೆ. ಹಿಂದೆ ಸಾಹುಕಾರ ಇನ್ನೊಂದು ಬಾಟಲಿ ಒಡೆದು ಕುಡಿದು ಅಂದ: “ಈ ಸಲ ಜೋರದ.”

ಕಣ್ಣು ಉಳಿಯಲಿಲ್ಲ. ಮೂರನೆಯ ದಿನ ಪಟ್ಟಿ ಕಟ್ಟಿಸಿಕೊಂಡು ತಿರುಗಿ ಹೊರಟೆವು. ಈಗ ಎತ್ತು ಹೊಡೆಯುವವಳು ನಾನು.

“ಸೂಜಿ ಗೆರಿ ಕೆಳಗೇ ನಿಲ್ಲಿಸಿದ್ದಿ ಹೌದಲ್ಲ ಗುರವ್ವ?” ರಾಜೇಶ್ವರ ದಾಟಿದ ಮೇಲೆ ಅಣ್ಣ ಕೇಳಿದ.

“ಹೂಂ ಅಣ್ಣ.”

“ಹಂಗಾದ್ರ ಗಾಜಿಂದೇ ತಪ್ಪು. ಇನ್ನ ಯಂತ್ರ ನೀನೇ ನೋಡ್ಕೋ. ನಿನ್ನ ಕೈ ಮ್ಯಾಲ ಭರೋಸಾ ಅದ.”

ಅವನ ಮೇಲೂ ಸಿಟ್ಟು ಬಂತು. ಇನ್ನೊಮ್ಮೆ ಯಾಕೆ ಕೇಳುವುದಿಲ್ಲ ಇವನು? ಕೇಳಿದರೆ ಹೇಳಿಬಿಡುತ್ತೇನೆ ಎಂದು ಊರು ಬರುವತನಕ ಕಾದೆ. ಅವನು ಕೇಳಲಿಲ್ಲ.

ಕಲ್ಯಾಣಿಯ ಕೋಟೆ ಕಂಡಿತು. ಅದು ಅಣ್ಣನ ಎಡಕ್ಕೆ, ನಾನು ಕೂತ ಬದಿಗಿತ್ತು. ಅದನ್ನು ನೋಡಲು ಅವನು ತಲೆಯನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿದ. ನಾನು ಎತ್ತುಗಳ ಕಡೆ ನೋಡಿದೆ.