ಕೆಟಲ್‌ಗೆ ನಿಂಬೆ ಉಪ್ಪು ಹಾಕಿದ್ದು ನಾನು

ಮೇಲಿನ ಕೋಣೆಯ ಕೆಟಲ್‌ಗೆ ನಿಂಬೆ ಉಪ್ಪು ಹಾಕಿ ಮರೆತವಳು ನಾನು. ಜಯಮ್ಮ ಅಲ್ಲ. ಈ ಒಂದು ಮಾತನ್ನು ನಾಲ್ಕು ವರ್ಷ ಬಾಯೊಳಗೇ ಇಟ್ಟುಕೊಂಡು ಬದುಕಿದ್ದೇನೆ. ಮರೆವು ಯಾರಿಗಾದರೂ ಆಗುತ್ತದೆ, ಅದು ಅಪರಾಧವಲ್ಲ. ನಾನು ಮಾಡಿದ್ದು ಬೇರೆ — ನನ್ನ ಮರೆವನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ. ಅವರು ಅದನ್ನು ನಂಬಿಬಿಟ್ಟರು.

ಗೋಕುಲಂ ಬಡಾವಣೆಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಎರಡು ಕೋಣೆಗಳಿವೆ. ಯೋಗ ಕಲಿಯಲು ಬರುವ ವಿದೇಶಿಯರಿಗೆ ಎರಡು ಮೂರು ತಿಂಗಳ ಮಟ್ಟಿಗೆ ಬಾಡಿಗೆಗೆ ಕೊಡುತ್ತೇವೆ. ಆ ಕೋಣೆಗಳನ್ನು ಎಂಟು ವರ್ಷ ನೋಡಿಕೊಂಡವರು ಜಯಮ್ಮ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು. ಆದರೂ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ನೀನು ಎನ್ನುತ್ತಿದ್ದೆ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ನನಗೆ ಹೊಳೆದೂ ಇರಲಿಲ್ಲ.

ನಮ್ಮಲ್ಲಿ ಕಾವೇರಿ ನೀರು ಬಾರದ ದಿನ ಬೋರ್‌ವೆಲ್ ನೀರೇ ಗತಿ. ಹದಿನೈದು ದಿನ ಬಿಟ್ಟರೆ ಸಾಕು, ಕೆಟಲ್‌ನ ತಳದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆಯಲು ಜಯಮ್ಮನಿಗೆ ಒಂದು ಕ್ರಮವಿತ್ತು. ಅರ್ಧ ಕೆಟಲ್ ನೀರಿಗೆ ಎರಡು ಚಮಚ ನಿಂಬೆ ಉಪ್ಪಿನ ಹುಳಿ ಪುಡಿ, ಒಂದು ಕುದಿ, ಆಮೇಲೆ ಮುಕ್ಕಾಲು ಗಂಟೆ ನೆನೆಯಲು ಬಿಡುವುದು. ಚೆಲ್ಲಿ ಮೂರು ಸಲ ತೊಳೆದು, ಬರೀ ನೀರು ಕುದಿಸಿ ಅದನ್ನೂ ಚೆಲ್ಲುವುದು. ಆ ಹುಳಿ ನೀರು ಒಳಗಿರುವಷ್ಟು ಹೊತ್ತು ಅವರು ಕೆಟಲನ್ನು ಬಚ್ಚಲುಮನೆಯ ಕಟ್ಟೆಯ ಮೇಲೆ ಇಡುತ್ತಿದ್ದರು. ಅಲ್ಲಿಟ್ಟ ನೀರನ್ನು ಯಾರೂ ಕುಡಿಯುವುದಿಲ್ಲವಲ್ಲ, ಅದಕ್ಕೆ.

ಒಂದು ಸಂಜೆ ಮಹಡಿಯ ಒಂದು ಕೋಣೆಯಲ್ಲಿದ್ದ ವಿದೇಶಿ ಹೆಂಗಸು ಗಾಜಿನ ಲೋಟ ಹಿಡಿದುಕೊಂಡು ಕೆಳಗೆ ಬಂದಳು. ಬಿಸಿನೀರಿನಲ್ಲಿ ಬಿಳಿ ಚಕ್ಕೆಗಳು ತೇಲುತ್ತಿದ್ದವು. ಅವಳೇನೂ ಸಿಟ್ಟಾಗಲಿಲ್ಲ, ನಕ್ಕೇ ತೋರಿಸಿದಳು. ನನಗೆ ಮಾತ್ರ ಮಾನ ಹೋದಂತಾಯಿತು. ಮಾರನೆಯ ಬೆಳಿಗ್ಗೆ ಅವಳು ಯೋಗಕ್ಕೆ ಹೋದಾಗ ನಾನೇ ಮೇಲೆ ಹೋದೆ. ಸುಣ್ಣ ಬೇಗ ಬಿಡಲಿ ಎಂದು ಎರಡರ ಬದಲು ನಾಲ್ಕು ಚಮಚ ಸುರಿದು, ಕುದಿಸಿ, ಮೇಜಿನ ಮೇಲೇ ಬಿಟ್ಟೆ. ಅಷ್ಟರಲ್ಲಿ ಕೆಳಗೆ ಗ್ಯಾಸ್ ಸಿಲಿಂಡರ್‌ನವನು ಕೂಗಿದ. ಇಳಿದು ಬಂದೆ, ತಿಂಡಿ ಮಾಡಿದೆ, ತಂಗಿಯ ಜೊತೆ ಫೋನಿನಲ್ಲಿ ಅರ್ಧ ಗಂಟೆ ಹರಟಿದೆ — ಕೆಟಲ್ ತಲೆಯಿಂದ ಹಾರಿಯೇ ಹೋಯಿತು.

ಅವಳು ವಾಪಸು ಬಂದವಳೇ ಅದೇ ನೀರನ್ನು ಇನ್ನೊಮ್ಮೆ ಕಾಯಿಸಿದಳು. ಯೋಗ ಮುಗಿಸಿ ಬಂದ ಮೇಲೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆಹಣ್ಣು, ಜೇನುತುಪ್ಪ ಬೆರೆಸಿ ಕುಡಿಯುವುದು ಅವಳ ರೂಢಿ. ನಿಂಬೆ ಹಿಂಡಿದ್ದರಿಂದ ಹುಳಿಯಾಗಿದೆ ಎಂದುಕೊಂಡು ದೊಡ್ಡ ಲೋಟದ ತುಂಬ ಕುಡಿದಿದ್ದಾಳೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿ, ನಾಲ್ಕಾರು ಸಲ ವಾಂತಿಯಾಗಿ, ಮೆಟ್ಟಿಲ ಮೇಲೇ ಕುಸಿದು ಕೂತಳು. ಡಾಕ್ಟರ್ ಬಂದು ನೋಡಿ ಮಾತ್ರೆ ಕೊಟ್ಟರು, ಸಂಜೆಯ ಹೊತ್ತಿಗೆ ಎದ್ದು ಓಡಾಡಿದಳು. ಅವಳ ಕಥೆ ಅಲ್ಲಿಗೆ ಮುಗಿಯಿತು.

ಡಾಕ್ಟರ್ ಹೋದ ಮೇಲೆ ನನ್ನ ಗಂಡ ಕೆಟಲ್ ಮೂಸಿ ನೋಡಿ, "ಇದಕ್ಕೆ ಹುಳಿ ಹಾಕ್ದೋರು ಯಾರು?" ಎಂದು ಕೇಳಿದರು. ನನ್ನ ಮರೆವನ್ನು ಬಂದವರ ಮುಂದೆಲ್ಲ ಆಡಿಕೊಂಡು ನಗುವುದು ಅವರಿಗೆ ಅಭ್ಯಾಸ. ಆ ನಗು ನನಗೆ ಬೇಡವಾಗಿತ್ತು. ಬಾಗಿಲಲ್ಲಿ ಜಯಮ್ಮ ಪೊರಕೆ ಹಿಡಿದು ನಿಂತಿದ್ದರು. ಅವತ್ತೇ ಬೆಳಿಗ್ಗೆ ಅವರು ಪಕ್ಕದ ಕೋಣೆಯ ಕೆಟಲ್ ತೊಳೆದಿದ್ದರು, ಅದು ನನಗೆ ಗೊತ್ತಿತ್ತು.

"ಇದಕ್ಕೂ ನೀನೇ ಹಾಕಿದ್ದಲ್ವಾ ಜಯಮ್ಮ?" ಎಂದೆ.

ಅವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. "ಆ ರೂಮಿಂದಕ್ಕೆ ಹಾಕ್ದೆ... ಇದಕ್ಕೂ ಹಾಕ್ಬುಟ್ನಾ? ಮೇಜಿನ ಮೇಲೆ ಬುಡಲ್ಲ ಅಕ್ಕ ನಾನು, ಯಾವತ್ತೂ ಬುಡಲ್ಲ..."

"ಇವತ್ತು ಬಿಟ್ಟಿದ್ದೀಯಲ್ಲ."

ಇಷ್ಟೇ ನಾನು ಹೇಳಿದ್ದು. ಅವರ ಮುಖದಲ್ಲಿ ಬೆಳಗಿನದೆಲ್ಲವನ್ನೂ ಹುಡುಕುತ್ತಿರುವುದು ಕಾಣುತ್ತಿತ್ತು. ಪಕ್ಕದ ಕೋಣೆ, ಬಕೆಟ್ಟು, ಪೊರಕೆ, ಚಮಚ — ಎಲ್ಲಾದರೂ ಈ ಕೆಟಲ್ ಸಿಗುತ್ತದೆಯೇ ಎಂದು. ಇಲ್ಲದ್ದನ್ನು ಹುಡುಕುತ್ತಿದ್ದರು, ಮತ್ತು ಇಲ್ಲ ಎಂದು ಗೊತ್ತಿದ್ದ ಒಬ್ಬಳೇ ಒಬ್ಬಳು ನಾನು, ಎದುರಿಗೇ ನಿಂತಿದ್ದೆ. ಕೊನೆಗೆ ಅವರೇ, "ಮರ್ತಿರ್ಬೇಕು ಅಕ್ಕ. ತಪ್ಪಾಯ್ತು" ಎಂದರು. ಮೇಲೆ ಹೋಗಿ ಆ ಹೆಂಗಸಿಗೂ ಕೈಮುಗಿದು ಬಂದರು.

ಇನ್ನೊಂದು ಮಾತು ಹೇಳದಿದ್ದರೆ ಇದೂ ಅರ್ಧ ಸುಳ್ಳಾಗುತ್ತದೆ. ಜಯಮ್ಮನ ತಾಯಿ ಕೊನೆಗಾಲದಲ್ಲಿ ಹೆತ್ತ ಮಗಳ ಗುರುತನ್ನೂ ಮರೆತಿದ್ದರು. ತನಗೂ ಹಾಗಾದರೆ ಏನು ಗತಿ ಎಂಬ ಭಯ ಜಯಮ್ಮನಿಗಿತ್ತು. ನನ್ನ ಅಡುಗೆಮನೆಯಲ್ಲೇ ಕೂತು ಅದನ್ನು ನನಗೆ ಹೇಳಿಕೊಂಡಿದ್ದರು. ಅಂದರೆ, ಯಾವ ಜಾಗದಲ್ಲಿ ನೋವಾಗುತ್ತದೆ ಎಂದು ಗೊತ್ತಿದ್ದೇ...

ಆಮೇಲೆ ಅವರು ಬಾಗಿಲು ಹಾಕಿ ಹೋದವರು ತಿರುಗಿ ಬಂದು ಚಿಲಕ ನೋಡುತ್ತಿದ್ದರು. ನಲ್ಲಿ ನಿಲ್ಲಿಸಿದ್ದೀನಾ ಅಕ್ಕ, ಫ್ಯಾನು ಆರಿಸಿದ್ದೀನಾ ಅಕ್ಕ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಹೂಂ, ಆರಿಸಿದ್ದೀಯ ಎನ್ನುತ್ತಿದ್ದೆ. ಆರು ತಿಂಗಳಾಗುವಷ್ಟರಲ್ಲಿ ನಮ್ಮ ಮನೆಯನ್ನೂ ಅದೇ ರಸ್ತೆಯ ಇನ್ನೆರಡು ಮನೆಗಳನ್ನೂ ಅವರಾಗಿಯೇ ಬಿಟ್ಟು ಕಡಕೊಳದಲ್ಲಿದ್ದ ಮಗಳ ಮನೆಗೆ ಹೋದರು. ನಾನು ಕಳುಹಿಸಲಿಲ್ಲ, ಅವರೇ ಹೋದರು — ಹೀಗೆ ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ.

ಹೋದ ತಿಂಗಳು ಮಾರ್ಕೆಟ್ಟಿನಲ್ಲಿ ಅವರ ಮಗಳು ರೇಖಾ ಸಿಕ್ಕಳು. ಅಮ್ಮ ಹೇಗಿದ್ದಾರೆ ಎಂದು ಕೇಳಿದೆ.

"ಮರ್ವು ಕಣಕ್ಕ. ಗ್ಯಾಸ್ ಹತ್ರ ಬುಡಲ್ಲ ನಾವು. ಮಗೂನೂ ಅಮ್ಮ ಒಬ್ರ ಕೈಗೇ ಕೊಡಕ್ಕೆ ಭಯ. ನಿಮ್ಮನೇಲಿ ಆ ಫಾರಿನ್ನೋರಿಗೆ ಆಯ್ತಲ್ಲ, ಅವತ್ತೇ ಶುರುವಾಗಿತ್ತು. ನಮ್ಗೇ ಗೊತ್ತಾಗ್ಲಿಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ. ಸೊಪ್ಪು ಕೊಂಡು ಮನೆಗೆ ಬಂದೆ. ಅವತ್ತು ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಅದರ ಮುಂದಿನ ಭಾನುವಾರ ಕಡಕೊಳಕ್ಕೆಂದು ನಂಜನಗೂಡು ರಸ್ತೆಯ ಬಸ್ಸು ಹತ್ತಿದೆ. ಜಯಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು, ನನ್ನ ತಂಗಿಯ ಮಕ್ಕಳನ್ನು ಹೆಸರು ಹಿಡಿದು ವಿಚಾರಿಸಿದರು. ನಾನು ನಿಂತೇ ಹೇಳಿದೆ. "ಜಯಮ್ಮ, ಅವತ್ತು ಕೆಟಲ್‌ಗೆ ಹಾಕಿದ್ದು ನಾನು. ಮೇಜಿನ ಮೇಲೆ ಬಿಟ್ಟಿದ್ದೂ ನಾನೇ. ತಪ್ಪನ್ನ ನಿಮ್ಮ ಮೇಲೆ ಹಾಕಿದೆ."

ಅವರ ಕೈ ನಿಂತಿತು. ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿ ಎಂದೇ ಬಂದಿದ್ದೆ. ಅವರು ಕೇಳಿದ್ದು ಒಂದೇ ಮಾತು: "ಅಂಗಾದ್ರೆ ನಾನು ಮರ್ತಿರ್ಲಿಲ್ಲ?"

"ಇಲ್ಲ. ನೀವು ಅದನ್ನ ಮುಟ್ಟೇ ಇರಲಿಲ್ಲ."

ಅವರು ಒಳಗೆ ತಿರುಗಿ ಮಗಳನ್ನು ಕರೆದರು. "ರೇಖಾ, ಬಾ ಇಲ್ಲಿ." ಆಮೇಲೆ ನನಗೆ, "ಇವಳ ಮುಂದೆ ಹೇಳಿ" ಎಂದರು.

ಹೇಳಿದೆ. ಒಂದಕ್ಷರ ಬಿಡದೆ, ನಾಲ್ಕು ಚಮಚದಿಂದ ಹಿಡಿದು ಮಾರ್ಕೆಟ್ಟಿನ ತನಕ. ರೇಖಾ ಸೊಂಟದ ಮೇಲೆ ಮಗು ಎತ್ತಿಕೊಂಡು ಕೇಳಿಸಿಕೊಂಡಳು. ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯಲಾರೆ.

ಜಯಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಎದ್ದರು. ಅಡುಗೆಮನೆಗೆ ಹೋಗಿ, ಲೈಟರ್ ತೆಗೆದುಕೊಂಡು ಒಲೆ ಹೊತ್ತಿಸಿದರು. ರೇಖಾ ತಡೆಯಲು ಎರಡು ಹೆಜ್ಜೆ ಇಟ್ಟವಳು ಹಾಗೇ ನಿಂತಳು. ಜಯಮ್ಮ ಎರಡು ಲೋಟ ಟೀ ಮಾಡಿ ತಂದರು. ಒಂದು ಮಗಳಿಗೆ, ಒಂದು ತಮಗೆ.