ಮೂಗು ಕಟ್ಟಿದ ದಿನ ಹಾಕಿದ ಪ್ಲೇಟು

ನಮ್ಮ ಬೀದಿಯ ಮೆಕ್ಯಾನಿಕ್‌ಗೆ ಮೂಗಣ್ಣ ಎಂದೇ ಹೆಸರು ಬಿದ್ದಿತ್ತು. ಹೊಸ ಕ್ಲಚ್ ಪ್ಲೇಟನ್ನು ಮೂಗಿಗೆ ಹಿಡಿದು ಒಂದು ಸಲ ಎಳೆದರೆ ಸಾಕು, ಅಸಲಿಯೋ ನಕಲಿಯೋ ಹೇಳಿಬಿಡುತ್ತಿದ್ದ. ನಕಲಿಯದು ಅಂಟಿನ ವಾಸನೆಯಂತೆ.

ಅವನ ಅಕ್ಕ ಹಳೇ ಮೋಟಾರ್‌ಸೈಕಲ್ಲಿಗೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡು ದಿನಾ ಗುಡ್ಡದ ಮೇಲಿನ ಮನೆಗಳಿಗೆ ಹೋಗುವವಳು. ಅವತ್ತು ಗಾಡಿ ತಳ್ಳಿಕೊಂಡೇ ಬಂದಳು.

“ಏರಲ್ಲಿ ಇಂಜಿನ್ ಬರೀ ಒದರತ್ತೆ, ಗಾಡಿ ಹಿಂದಕ್ಕೆ ಜಾರತ್ತೆ ಕಣೋ. ಬೆನ್ನಿಗೇ ಲಾರಿ ಇತ್ತು. ಇನ್ನೊಂದ್ಸಲ ಹಿಂಗಾದ್ರೆ ನನ್ನನ್ನೂ ಬ್ರೆಡ್ ಥರ ಹೋಳುಹೋಳಾಗಿ ಆರಿಸ್ಕೋಬೇಕು ನೀವು.”

“ಯಾವ ದರಿದ್ರದವನು ಹಾಕಿದ್ದು ಪ್ಲೇಟು?” ಎಂದು ಗುಡುಗುತ್ತ ಮೂಗಣ್ಣ ಇಂಜಿನ್ನಿನ ಮುಚ್ಚಳ ಬಿಚ್ಚಿದ. ಕಮಟು ನಾತ ರಪ್ಪೆಂದು ಮುಖಕ್ಕೆ ಹೊಡೆಯಿತು. ಪ್ಲೇಟಿನ ಪದರ ಸುಲಿದು, ಎಣ್ಣೆಯಲ್ಲಿ ಕರಗಿ ಕಪ್ಪು ಗೊಣ್ಣೆಯಾಗಿತ್ತು. “ಥೂ! ರಟ್ಟಿಗೆ ಗೋಂದು ಬಳಿದಿದಾರೆ! ಇದನ್ನ ಕೂರಿಸಿದವನಿಗೆ ಮಾನ ಮರ್ಯಾದೆ ಇದ್ಯಾ?”

“ನೀನೇ ಹೇಳಪ್ಪ. ಎರಡು ತಿಂಗಳ ಹಿಂದೆ ನೀನೇ ಕೂರಿಸಿದ್ದು. ನೆಗಡಿಯಾಗಿ ಸೊರಸೊರ ಅಂತಿದ್ದೆ. ಆದ್ರೂ ಮೂಸಿ, ‘ಅಸಲಿ ಅಕ್ಕಾ’ ಅಂದೆ.”

ಮೂಗಣ್ಣ ಬೆರಳಿಗಂಟಿದ ಗೊಣ್ಣೆಯನ್ನೇ ನೋಡಿದ. ನೆಗಡಿಯ ಆ ದಿನ ಮೂಗಿಗೆ ಯಾವ ವಾಸನೆಯೂ ಹತ್ತಿರಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ನೋಡುತ್ತಿದ್ದರೆಂದು ಸುಮ್ಮನೆ ಮೂಸಿದ ಹಾಗೆ ಮಾಡಿದ್ದ.

ಹಳೇ ಪ್ಲೇಟನ್ನು ಚಿಂದಿಯಲ್ಲಿ ಸುತ್ತಿಕೊಂಡು ಬಿಡಿಭಾಗದ ಅಂಗಡಿಗೆ ನಡೆದ. ಅಕ್ಕನೂ ಹಿಂದೆ ಬಂದಳು. ಅಂಗಡಿಯವನು ಮಿರಿಮಿರಿ ಮಿಂಚುವ ಡಬ್ಬಿ ಮುಂದಿಟ್ಟ.

“ಮೂಸಿ ನೋಡು ಮೂಗಣ್ಣ, ಒರಿಜಿನಲ್ಲು!”

“ಮೂಸೋಕೆ ನಾನೇನು ನಾಯಿನಾ?”

ಉಗುರಿನಿಂದ ಕೆರೆದ. ಪದರ ಪುಡಿಪುಡಿಯಾಗಿ ಉದುರಿತು. ಸತ್ತ ಇಲಿಯನ್ನು ಸರಿಸುವವನಂತೆ ಎರಡೇ ಬೆರಳಲ್ಲಿ ಆಚೆ ತಳ್ಳಿದ. ಇನ್ನೊಂದನ್ನು ಗಲ್ಲಾದ ಗಾಜಿನ ಮೇಲಿಟ್ಟು ಒತ್ತಿದರೆ ಸೊಟ್ಟ ಅಂಚು ಟಕಟಕ ಕುಣಿಯಿತು. ಮೂರನೆಯದು ಮೇಲಿನ ಅಟ್ಟದಿಂದ ಇಳಿದ, ಧೂಳು ಹಿಡಿದ ಪೊಟ್ಟಣ. ಕೆರೆದರೂ ಉದುರಲಿಲ್ಲ, ಒತ್ತಿದರೂ ಅಲುಗಲಿಲ್ಲ, ಹಳೆಯದರ ಮೇಲಿಟ್ಟರೆ ಹಲ್ಲಿಗೆ ಹಲ್ಲು ಕೂತಿತು.

ಆ ಪೊಟ್ಟಣದ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಿ, ಮರುದಿನ ಕೂರಿಸಿ, ಪೆಟ್ಟಿಗೆ ತುಂಬ ಕಲ್ಲು ಹೇರಿಕೊಂಡು ಗುಡ್ಡಕ್ಕೆ ಮೊದಲು ತಾನೇ ಹೋದ. ನಡು ಏರಿನಲ್ಲಿ ಬೇಕೆಂದೇ ನಿಲ್ಲಿಸಿ ಕ್ಲಚ್ ಬಿಟ್ಟ. ಗಾಡಿ ಒಂದಿಂಚೂ ಜಾರದೆ ಮೇಲಕ್ಕೆ ಎಗರಿತು.

“ಏರ್ತಲ್ಲೋ, ಮತ್ಯಾಕೆ ಮುಖ ಹರಳೆಣ್ಣೆ ಕುಡಿದ ಹಂಗಿದೆ?” ಎಂದಳು ಅಕ್ಕ.

ಗುಡ್ಡ ಇಳಿದು ಬಂದ ಮೂಗಣ್ಣ ಸುಲಿದ ಹಳೇ ಪ್ಲೇಟನ್ನು ತನ್ನ ಗ್ಯಾರೇಜಿನ ಬಾಗಿಲ ಪಕ್ಕ, ಸರಿಯಾಗಿ ತನ್ನ ಮೂಗಿನ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕುತ್ತಿದ್ದ.

“ಎರಡು ತಿಂಗಳು ಇದರ ಮೇಲೆ ನಿನ್ನನ್ನ ಗುಡ್ಡ ಹತ್ತಿಸಿದೀನಿ ಅಕ್ಕಾ. ಥೂ, ನನ್ನ ಮೂಗಿಗಿಷ್ಟು ಬೆಂಕಿ ಹಾಕ!”