ಕೆಳಗಿನ ಅಡುಗೆಮನೆಯ ರೊಟ್ಟಿ ಸದ್ದು

ಶಾಂತಕ್ಕ, ನಾವೆಲ್ಲ ಕೊಪ್ಪಳದ ಮನೆಯಲ್ಲಿ ಕೂಡಿ ಇದ್ದಾಗ ಪ್ರತಿ ಸಂಜೆ ಕೆಳಗಿನ ಅಡುಗೆಮನೆಯಿಂದ ಕೇಳುತ್ತಿದ್ದ ರೊಟ್ಟಿ ಬಡಿಯುವ ಸದ್ದು ನನ್ನ ಕೈಯದಲ್ಲ. ನಾನು ರೊಟ್ಟಿ ಬಡಿಯುತ್ತಲೇ ಇರಲಿಲ್ಲ. ಒಂದು ಯಂತ್ರ ಬಡಿಯುತ್ತಿತ್ತು. ಆ ಯಂತ್ರದೊಳಗೆ ಇದ್ದದ್ದು — ಇಲ್ಲಿಗೆ ಬಂದು ಪೆನ್ನು ಒಂದು ಸಲ ನಿಂತಿತು — ನಿಮ್ಮ ಕೈ.

ಆ ಸದ್ದು ಮೆಚ್ಚಿ ಅತ್ತೆ ನನಗೆ ಕೊಟ್ಟ ರೊಟ್ಟಿ ಬಡಿಯುವ ಕಲ್ಲು ಇವತ್ತಿಗೂ ನನ್ನ ಅಡುಗೆಮನೆಯಲ್ಲಿದೆ. ಅದು ನಿಮಗೆ ಸೇರಬೇಕಾದದ್ದು.

ನಾನು ಓದಿದ ಹೊಸಪೇಟೆಯ ಕಾನ್ವೆಂಟಿನಲ್ಲಿ ಕೆಲವು ಹುಡುಗಿಯರು ಚರ್ಚಿನ ಮರದ ಜಾಲರಿಯ ಮುಂದೆ ಮೊಣಕಾಲೂರಿ, ಆಚೆ ಕೂತ ಪಾದ್ರಿಗೆ ತಪ್ಪು ಹೇಳಿಕೊಂಡು ಬರುತ್ತಿದ್ದರು. ಹೋಗುವಾಗ ಸಪ್ಪಗೆ, ಬರುವಾಗ ಜಿಗಿಯುತ್ತಾ. ಕ್ರೈಸ್ತರಲ್ಲದ ನಮ್ಮಂಥವರಿಗೆ ಆ ಜಾಲರಿ ಇರಲಿಲ್ಲ, ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ಈಗ ಅನ್ನಿಸುತ್ತದೆ — ಮುಖ ಕಾಣದ ಯಾರಿಗೋ ಹೇಳುವುದು ಸುಲಭ. ಯಾರಿಗೆ ತಪ್ಪು ಮಾಡಿದೆವೋ ಅವರಿಗೇ ಹೇಳುವುದು, ಅದೂ ಒಂದೇ ಮನೆಯ ಸೊಸೆಯಾದ ನಿಮ್ಮಂಥ ನೆಗೆಣ್ಣಿಗೆ... ಇರಲಿ, ಮೊದಲಿನಿಂದ ಹೇಳುತ್ತೇನೆ.

ಹಾಸ್ಟೆಲಿನ ಅನ್ನ, ಚಪಾತಿಯಲ್ಲಿ ಬೆಳೆದವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಡಿದ ಜೋಳದ ರೊಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿದ್ದು ನಿಮಗೆ ನೆನಪಿರಬೇಕು.

“ಇದು ರೊಟ್ಟಿ ಏನ, ಜಿಲ್ಲಾದ ನಕಾಶಾ? ಯಲಬುರ್ಗಾ ಒಂದ್ ಕಡೆ, ಕುಷ್ಟಗಿ ಒಂದ್ ಕಡೆ ಹರದು ನಿಂತಾವ ನೋಡು.”

ನೀವು ನಗಲಿಲ್ಲ. ಆ ನಕಾಶೆಯನ್ನು ನಿಮ್ಮ ತಟ್ಟೆಗೆ ಹಾಕಿಕೊಂಡು, “ಗಂಗಾವತಿ ಭಾಳ ರುಚಿ ಆಗೇದ ತಂಗಿ” ಅಂದಿರಿ. ಆಮೇಲೆ ನಾವಿಬ್ಬರೂ ನಕ್ಕದ್ದು.

ಅತ್ತೆಗೆ ಭುಜ ಹಿಡಿದು ಕೈ ಮೇಲೇಳದಂತಾದ ಮೇಲೆ ಬೆಳಗಿನ ರೊಟ್ಟಿ ಮೇಲಿನ ಅಡುಗೆಮನೆಯಲ್ಲಿ ನಿಮ್ಮದು, ಸಂಜೆಯದು ಕೆಳಗೆ ನನ್ನದು ಎಂದಾಯಿತು. ಅತ್ತೆ ಪಡಸಾಲೆಯಲ್ಲಿ ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತು ಎರಡೂ ಕಡೆ ಕಿವಿ ಇಟ್ಟಿರುತ್ತಿದ್ದರು. ನಮ್ಮ ಕಡೆ ಸೊಸೆಯನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಅಳೆಯುತ್ತಾರೆ — ರೊಟ್ಟಿಯ ಸದ್ದು ಬೀದಿಗೆ ಕೇಳಿದರೆ ಮನೆ ಸರಿಯಾಗಿದೆ ಎಂದು ಲೆಕ್ಕ. ನನ್ನ ಸದ್ದು ಬೀದಿಗಿರಲಿ, ಹಂಚಿಗೂ ಕೇಳುತ್ತಿರಲಿಲ್ಲ. ಹಾಗಾಗಿ ಹಿತ್ತಲ ಬಾಗಿಲಿಂದ ಗಿರಿಜವ್ವನ ರೊಟ್ಟಿ ಬರತೊಡಗಿತು. ಹಿಂದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಗಿರಿಜವ್ವ, ನಿಮಗೆ ಗೊತ್ತಲ್ಲ. ನಾನು ಹಂಚಿನ ಮೇಲೆ ಅವನ್ನು ಬಿಸಿ ಮಾಡಿ, ಪಾತ್ರೆ ಸ್ವಲ್ಪ ಸದ್ದು ಮಾಡಿ, ಹಣೆಗೆ ನೀರು ಚಿಮುಕಿಸಿಕೊಂಡು ಬಡಿಸುತ್ತಿದ್ದೆ. ನಮ್ಮವರಿಗೆ ಗೊತ್ತಾಯಿತು. “ಈ ರೊಟ್ಟಿ ಎಲ್ಲೋ ತಿಂದಂಗ ಐತಲ್ಲ” ಅಂದರು ಒಂದು ದಿನ. “ಸುಮ್ನ ಉಣ್ರಿ” ಅಂದೆ. ಸುಮ್ಮನೆ ಉಂಡರು. ಮುನಿರಾಬಾದಿನ ಕಚೇರಿಯಿಂದ ಹಸಿದು ಬಂದ ಗಂಡಸು ಹೆಚ್ಚು ವಿಚಾರಣೆ ಮಾಡುವುದಿಲ್ಲ.

ಅಷ್ಟರಲ್ಲಿ ಆ ಪೆಟ್ಟಿಗೆ ಮನೆಗೆ ಬಂತು. ಗಂಗಾವತಿಯಲ್ಲಿ ಮದುವೆಗಳಿಗೆ ಡಿಜೆ ಹಾಕುವ ನನ್ನ ತಮ್ಮ ಅದನ್ನು ಆಸೆಯಿಂದ ತರಿಸಿಕೊಂಡಿದ್ದ. ಗ್ರೂವ್‌ಬಾಕ್ಸ್ ಅನ್ನುತ್ತಾರೆ. ಊಟದ ತಟ್ಟೆಯಷ್ಟು ಅಗಲ, ಮೇಲೆ ರಬ್ಬರಿನ ಚೌಕಗಳು, ಒತ್ತಿದರೆ ಒಂದೊಂದೂ ಬಣ್ಣದಲ್ಲಿ ಬೆಳಗುತ್ತದೆ. ಪಕ್ಕದಲ್ಲಿ ತಿರುಗಿಸುವ ಗುಂಡಿಗಳ ಸಾಲು. ಕಂಪ್ಯೂಟರ್ ಬೇಡ, ವಾದ್ಯ ಬೇಡ. ಯಾವ ಸದ್ದನ್ನಾದರೂ ಅದರ ಮೈಕಿನಿಂದ ಹಿಡಿದು, ಚೌಕದಲ್ಲಿ ಕೂರಿಸಿ, ಯಾವಾಗ ಬಾರಿಸಬೇಕೆಂದು ಹೇಳಿದರೆ ತಾನೇ ಬಾರಿಸುತ್ತಾ ಹೋಗುತ್ತದೆ. “ಮದುವಿ ಮಂದಿಗೆ ಗೊತ್ತಿದ್ದ ಹಾಡ ಬೇಕವಾ ಅಕ್ಕ, ಇದನ್ಯಾರು ಕೇಳ್ತಾರ? ನೀನ ಇಟಗೋ” ಎಂದು ಕೊಟ್ಟು ಹೋದ.

ಅದರ ಜೊತೆ ನಾನು ಕಳೆದ ಮಧ್ಯಾಹ್ನಗಳನ್ನು ಏನು ಹೇಳಲಿ! ಶಾಲೆಯಲ್ಲಿ ಹಾಡಿನ ಸಿಸ್ಟರ್ ಕೋಲಿನಿಂದ ಮೇಜು ತಟ್ಟಿ ಕಲಿಸಿದ ಎಣಿಕೆ ಮಾತ್ರ ಕೈಯಲ್ಲಿತ್ತು. ಕುಕ್ಕರಿನ ಸೀಟಿ ಹಿಡಿದೆ. ಸಾಸಿವೆ ಸಿಡಿಯುವುದನ್ನು ಹಿಡಿದೆ — ಅದು ಎಷ್ಟು ಚೆಂದದ ಗೆಜ್ಜೆ ಗೊತ್ತೆ? ಮೊರ ಕೇರುವುದು, ತಂಬಿಗೆಗೆ ನಲ್ಲಿ ತೊಟ್ಟಿಕ್ಕುವುದು. ಎಲ್ಲ ಸಿಕ್ಕಿತು, ತಳಕ್ಕೆ ಹಾಕಲು ಒಂದು ಗಟ್ಟಿ ಪೆಟ್ಟು ಮಾತ್ರ ಸಿಗಲಿಲ್ಲ. ಒಂದು ಬೆಳಿಗ್ಗೆ ಒಣಗಿದ ಬಟ್ಟೆ ತರಲು ಮೇಲೆ ಬಂದವಳು ಮೆಟ್ಟಿಲಲ್ಲೇ ನಿಂತೆ. ನೀವು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡಿರಿ — ಸಣ್ಣಗೆ ಘಲ್ಲೆಂದ ಸದ್ದು. ಆಮೇಲೆ ಮೊದಲ ಪೆಟ್ಟುಗಳು ಭಾರವಾಗಿ, ಬಿಡುವು ಕೊಟ್ಟು. ರೊಟ್ಟಿ ಅಗಲವಾದಂತೆ ಹಗುರ, ಚುರುಕು. ಕೊನೆಗೆ ಅಂಚಿಗೆ ಬೆರಳ ತುದಿಯ ನಾಲ್ಕು ಮಾತು. ಓಡಿ ಹೋಗಿ ಪೆಟ್ಟಿಗೆ ತಂದು ಆ ಸದ್ದು ಹಿಡಿದೆ. ನೀವು ಗೋಡೆ ಕಡೆ ಮುಖ ಮಾಡಿದ್ದಿರಿ, ನಿಮಗೆ ಗೊತ್ತಾಗಲಿಲ್ಲ. ಕೇಳಬೇಕಿತ್ತು. “ಅಕ್ಕಾರ, ಹಿಡಕೊಳ್ಳೇನ್ರಿ?” — ಅಷ್ಟು ಸಾಕಿತ್ತು.

ಆ ದಿನ ಅದು ಬರೀ ಸಂಗೀತಕ್ಕೆ, ನಿಜವಾಗಿ. ಒಂದು ಗುಂಡಿ ತಿರುಗಿಸಿ ಸದ್ದನ್ನು ಸ್ವಲ್ಪ ತಗ್ಗಿಸಿ, ದಪ್ಪ ಮಾಡಿದೆ. ಸಂಜೆ ಗಿರಿಜವ್ವನ ರೊಟ್ಟಿ ಬಿಸಿ ಮಾಡುತ್ತಾ ಅದನ್ನು ಸ್ಪೀಕರಿನಲ್ಲಿ ಹಾಕಿ ಕೇಳುತ್ತಿದ್ದೆ. ಪಡಸಾಲೆಯಿಂದ ಅತ್ತೆಯ ದನಿ ಬಂತು.

“ಈಗ ಬಂತು ನೋಡವಾ ಕೈ. ಇಂಗ್ಲೀಷ ಸಾಲಿ ಕಲತಾಕಿಗೆ ರೊಟ್ಟಿ ಬರೂದಿಲ್ಲಂತ ಯಾರಂದ್ರು?”

ಅಲ್ಲರಿ ಅತ್ತಿ, ಇದು ಅಕ್ಕಾರ ಕೈ — ಈ ಮಾತು ಬಾಯಿವರೆಗೆ ಬಂದಿತ್ತು. ಆದರೆ ಅಷ್ಟು ವರ್ಷದಲ್ಲಿ ಅತ್ತೆ ನನ್ನ ಅಡುಗೆಮನೆಯ ಕಡೆ ಮುಖ ಮಾಡಿ ಸಂತೋಷಪಟ್ಟದ್ದು ಅದೇ ಮೊದಲು. ನಾನು ಸುಮ್ಮನಾದೆ. ತಪ್ಪು ಶುರುವಾದದ್ದು ಅಲ್ಲಿ, ಆ ಸುಮ್ಮನಿರುವಿಕೆಯಲ್ಲಿ.

ಮರುದಿನದಿಂದ ಅದೇ ಕೆಲಸವಾಯಿತು. ಸುಳ್ಳಿಗೂ ಸಾಧನೆ ಬೇಕು ಅಕ್ಕಾರ, ನಗಬೇಡಿ. ಮೊದಲು ಬಿಡುವೇ ಇಲ್ಲದೆ ಸುತ್ತುತ್ತಿತ್ತು. ಅತ್ತೆ ಕುರ್ಚಿಯಿಂದಲೇ ಕೇಳಿದರು: “ಒಂದ ರೊಟ್ಟಿ ಇಷ್ಟೊತ್ತು ಬಡೀತಿ? ಅಳವಂಡಿ ತನಕ ಅಗಲ ಆಗಿರಬೇಕು ನೋಡದು.” ಆಗ ರೊಟ್ಟಿ ಎತ್ತಿ ಹಂಚಿಗೆ ಹಾಕುವಷ್ಟು, ಅರಿವೆಯಿಂದ ನೀರು ಸವರುವಷ್ಟು ಖಾಲಿ ಜಾಗ ಬಿಟ್ಟೆ. ಎಲ್ಲ ಪೆಟ್ಟೂ ಒಂದೇ ಅಳತೆಯಲ್ಲಿ ಬಿದ್ದರೆ ಗಡಿಯಾರದಂತೆ ಕೇಳುತ್ತದೆಂದು ಕೆಲವನ್ನು ಕೂದಲೆಳೆಯಷ್ಟು ಹಿಂದೆ, ಮುಂದೆ ಸರಿಸಿದೆ. ಯಂತ್ರ ನಿಜವಾಗಿ ನನ್ನ ಕೈಗೆ ಬಂದದ್ದು ಹೀಗೆ.

ಒಂದು ಸಂಜೆ ಕರೆಂಟು ಹೋಯಿತು. ರೊಟ್ಟಿ ಅರ್ಧಕ್ಕೇ ನಿಂತುಬಿಟ್ಟಿತು.

“ಕರೆಂಟ್ ಹೋದ್ರ ರೊಟ್ಟಿ ಯಾಕ ನಿಂತ್ತವಾ?”

“ಹಂಚು ಕಾಣವಲ್ದರಿ ಅತ್ತಿ.”

“ಕಲ್ಲ ಸಿಗತೈತಲ್ಲ, ಬಡಿ. ಕೈಗೇನು ಬೆಳಕ ಬೇಕು?”

ಕತ್ತಲಲ್ಲಿ ಹಿಟ್ಟಿನ ಡಬ್ಬಿ ಹುಡುಕಿ, ಒಣಹಿಟ್ಟನ್ನೇ ಕಲ್ಲಿನ ಮೇಲೆ ಸುರಿದು ಬಡಿದೆ. ಕರೆಂಟು ಬಂದಾಗ ಹುಬ್ಬಿನವರೆಗೆ ಬೆಳ್ಳಗಾಗಿದ್ದೆ. ಬಾಗಿಲಲ್ಲಿ ಬಂದು ನಿಂತ ನಮ್ಮವರು ನೋಡಿದರು, ಹಾಗೇ ತಿರುಗಿ ಹೋದರು. ಇದನ್ನು ಬರೆಯುವಾಗಲೂ ನಗು ಬರುತ್ತದೆ, ತಡೆಯಲಾರೆ.

ನಗು ಬಾರದ ಮಾತು ಮುಂದಿದೆ.

ಅತ್ತೆ ಹೋಲಿಸತೊಡಗಿದರು. ಬೆಳಿಗ್ಗೆ ನಿಮ್ಮ ಸದ್ದು ಚಾವಣಿ ದಾಟಿ ಕೆಳಗೆ ಬರುವಾಗ, “ಶಾಂತಾನ ಕೈಯಾಗ ಜೋರೈತಿ, ತಾಳ ಇಲ್ಲ” ಅನ್ನುವುದು. ಸಂಜೆ ಅದೇ ಕೈ, ಅದೇ ಪೆಟ್ಟು ನನ್ನ ಅಡುಗೆಮನೆಯಿಂದ ಬರುವಾಗ, “ಸಣ್ಣಾಕಿದು ಕೇಳ್ರಿ, ತಾಳ ಹಾಕಿದಂಗ ಬೀಳತೈತಿ” ಎಂದು ಬಂದವರಿಗೆಲ್ಲ ಹೇಳುವುದು. ನಾನು ಒಳಗೆ ನಿಂತು ಎರಡನ್ನೂ ಕೇಳಿದೆ. ಒಂದು ದಿನವಲ್ಲ.

ಒಮ್ಮೆ ನೀವು ಸಂಜೆ ಮೆಟ್ಟಿಲಿಳಿದು ಬರುತ್ತಿದ್ದಿರಿ. ನಾನು ಬಾಗಿಲು ಮುಂದೆ ಮಾಡಿ, ಪೆಟ್ಟಿಗೆ ನಿಲ್ಲಿಸಿ ಹೊರಗೆ ಬಂದೆ. ನಿಮ್ಮ ಕಣ್ಣು ತೇವವಾಗಿತ್ತು. “ನಿನ್ನ ಕೈ ಕೇಳಿದ್ರ ನಮ್ಮ ಅವ್ವ ಬಡದಂಗ ಆಗತೈತಿ ರೂಪಾ. ಆಕಿ ಹ್ವಾದ ಮ್ಯಾಲೆ ಈ ಸದ್ದ ಕೇಳಿದ್ದಿಲ್ಲ. ನನಗೂ ಒಂದೀಟು ಕಲಿಸು.” ನಿಮ್ಮ ತಾಯಿ ಅಳವಂಡಿಯ ಮನೆಯಲ್ಲಿ ನಿಮಗೆ ಕಲಿಸಿದ್ದನ್ನೇ ನೀವು ನನ್ನಲ್ಲಿ ಬೇಡುತ್ತಿದ್ದಿರಿ. ನಾನು ಏನಂದೆ? “ಯಾರರ ನೋಡ್ಲಿಕ್ಕೆ ನಿಂತ್ರ ನನಗ ಕೈ ಬರೂದಿಲ್ರಿ ಅಕ್ಕಾರ.” ಒಳ್ಳೆಯ ಶಾಲೆಯಲ್ಲಿ ಕಲಿತ ಮೃದು ದನಿಯಲ್ಲಿ ಅಂದೆ.

ಆಮೇಲೆ ನಿಮ್ಮ ಬೆಳಗಿನ ಸದ್ದು ಸಣ್ಣದಾಯಿತು. ಕೆಲವು ದಿನ ಕೇಳಲೇ ಇಲ್ಲ. ನೀವು ಬಡಿಯುವುದನ್ನೇ ಬಿಟ್ಟಿರೇನೋ ಎಂದು ಮೇಲೆ ಬಂದು ನೋಡಿದರೆ — ಹಲಗೆಯ ಕೆಳಗೆ ಮಡಚಿದ ಹಳೇ ಸೀರೆ ಹಾಸಿಕೊಂಡು, ಅತ್ತೆಗೆ ಕೇಳದ ಹಾಗೆ ಮೆಲ್ಲಗೆ ಬಡಿಯುತ್ತಿದ್ದಿರಿ. ನನ್ನನ್ನು ನೋಡಿ ನಕ್ಕಿರಿ. ನಾನೂ ನಕ್ಕು ಇಳಿದು ಬಂದೆ. ಆ ಸಂಜೆಯೂ ಪೆಟ್ಟಿಗೆ ಹಚ್ಚಿದೆ. ಕಳ್ಳತನಕ್ಕಿಂತ ಇದು ದೊಡ್ಡದು ಎಂದು ನನಗೆ ಆಗಲೇ ಗೊತ್ತಿತ್ತು.

ಭಾವನವರಿಗೆ ಕುಷ್ಟಗಿಗೆ ವರ್ಗವಾಗಿ ನೀವು ಹೊರಟ ದಿನ ಪಾತ್ರೆಪಡಗ ಹಂಚಿದರು. ಅತ್ತೆಗೆ ಅವರ ಅತ್ತೆಯಿಂದ ಬಂದ ಆ ಕರಿಕಲ್ಲು, ನಡುವೆ ಸವೆದು ಅಂಗೈಯಂತೆ ನುಣುಪಾದದ್ದು, ಹಿರಿಯ ಸೊಸೆಯಾದ ನಿಮಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅತ್ತೆ ನನ್ನ ಕಡೆ ಸರಿಸಿದರು. ನೀವು ಅಂದಿರಿ, “ಇರ್ಲಿ ಬಿಡ್ರಿ ಅತ್ತಿ, ಛಲೋ ಕೈಗೇ ಹೋತು.” ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ಹಗುರವಾಗಿರುತ್ತಿತ್ತು.

ಪೆಟ್ಟಿಗೆ ಈಗಲೂ ಇದೆ. ದಿನವೂ ಅದರ ಮುಂದೆ ಕೂರುತ್ತೇನೆ, ಕೂತಷ್ಟು ಹೊತ್ತು ಸುಖವಾಗಿರುತ್ತೇನೆ, ಸುಳ್ಳು ಹೇಳಲಾರೆ. ನಾನು ಕಟ್ಟಿದ ಕೆಲವು ಹಾಡುಗಳು ಫೋನಿನಿಂದ ಫೋನಿಗೆ ಹೋಗಿವೆ. ತಳದಲ್ಲಿ ಬೀಳುವ ಆ ಪೆಟ್ಟು ಯಾವ ವಾದ್ಯ ಎಂದು ಕೇಳುತ್ತಾರೆ. “ಅಡುಗೆಮನೆಯದು” ಎಂದಷ್ಟೇ ಉತ್ತರಿಸುತ್ತೇನೆ. ಅಲ್ಲಿಯೂ ನಿಮ್ಮ ಹೆಸರು ಹೇಳಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಮೊನ್ನೆ ನೀವು ಫೋನು ಮಾಡಿದಿರಿ. “ಭಾನುವಾರ ಅತ್ತೀನ ಕರಕೊಂಡು ಬಾ. ಕಾವ್ಯಾಗ ರೊಟ್ಟಿ ಕಲಿಸಬೇಕು. ನನ್ನ ಕೈ ಆಕಿಗೆ ಬರೂದು ಬ್ಯಾಡ, ನಿಂದು ಬರ್ಲಿ.”

ನಿಮ್ಮ ಕೈ ನಿಮಗೇ ಬೇಡವಾಗಿದೆ, ಮಗಳಿಗೂ ಕೊಡಲಾಗದಷ್ಟು. ಅದನ್ನು ಹಾಗೆ ಮಾಡಿದವಳು ನಾನು.

ನಿನ್ನೆ ಅತ್ತೆಗೆ ಹೇಳಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪೆಟ್ಟಿಗೆ ತಂದು ಮುಂದಿಟ್ಟು ಒಂದು ಚೌಕ ಒತ್ತಿದೆ — ರೊಟ್ಟಿ ಬಡಿಯಿತು. ಬಿಟ್ಟೆ — ನಿಂತಿತು. ಎಲ್ಲ ಹೇಳಿದೆ, ಗಿರಿಜವ್ವನನ್ನೂ ಸೇರಿಸಿ. ಅತ್ತೆ ಇನ್ನೊಮ್ಮೆ ಒತ್ತಿಸಿ ಕೇಳಿದರು. ಆಮೇಲೆ ತಾವೇ ಬೆರಳಿಟ್ಟು ಒತ್ತಿದರು.

“ಹಂಗಾರ ಮುಂಜಾನಿ ಬೈದದ್ದೂ ಇದಕ್ಕ, ಸಂಜೀಕ ಹೊಗಳಿದ್ದೂ ಇದಕ್ಕ.”

“ಹೂನ್ರಿ.”

“ನೀ ಕಳ್ಳಿ. ನಾ ಕಿವುಡಿ. ಛಲೋ ಕೂಡೇವಿ ಇಬ್ರೂ.” ಸೊಪ್ಪು ಬದಿಗಿಟ್ಟರು. “ಮೊದಲ ನೀ ಹೇಳು ಆಕಿಗೆ. ಆಮ್ಯಾಲೆ ನಂದು ನಾ ಹೇಳತೀನಿ.”

ಅದಕ್ಕೇ ಇದನ್ನು ಬರೆದೆ. ಫೋನಿನಲ್ಲಾದರೆ ನಾನು ನಡುವೆ ನಗಿಸಿ ತಪ್ಪಿಸಿಕೊಳ್ಳುತ್ತೇನೆ, ಆ ಗುಣ ನನಗಿದೆ. ಅತ್ತೆ ಸಂತೋಷಪಡಲೆಂದು ಮಾಡಿದೆ, ನನಗೆ ಬರುತ್ತಿರಲಿಲ್ಲ ಎಂದು ಮಾಡಿದೆ — ಇವೆಲ್ಲ ನಿಜವಿರಬಹುದು, ಆದರೆ ಹಲಗೆಯ ಕೆಳಗೆ ಸೀರೆ ಕಂಡ ಮೇಲೂ ಪೆಟ್ಟಿಗೆ ಹಚ್ಚಿದ್ದಕ್ಕೆ ಅವು ಯಾವುವೂ ಕಾರಣವಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ, ಕಲ್ಲು ನನ್ನ ತೊಡೆಯ ಮೇಲೆ ಬರುತ್ತದೆ. ಭಾವನವರ ಮುಂದೆ, ಕಾವ್ಯಳ ಮುಂದೆ ಇನ್ನೊಮ್ಮೆ ಬಾಯಿಬಿಟ್ಟು ಹೇಳುತ್ತೇನೆ. ಒಂದೇ ಕೇಳಿಕೊಳ್ಳುವುದು ಅಕ್ಕಾರ — ನಾನು ಹೇಳುವಾಗ “ಹೋಗ್ಲಿ ಬಿಡು ತಂಗಿ” ಎಂದು ನಡುವೆ ಬರಬೇಡಿ. ನಿಮ್ಮ ಸ್ವಭಾವ ನನಗೆ ಗೊತ್ತು. ಪೂರ್ತಿ ಹೇಳಲು ಬಿಡಿ. ಆಮೇಲೆ ಬೈಯುವುದಿದ್ದರೆ ಬೈಯಿರಿ, ನಗುವುದಿದ್ದರೆ ನಗಿರಿ. ನಾನು ಅಲ್ಲೇ ಕೂತಿರುತ್ತೇನೆ.